ಅತ್ತೆಯ ಹೆಸರಿನ ರಿಯಾಯತಿ

ಜೂನ್ ೨೮, ೨೦೦೧, ಗುರುವಾರ

ಬೇರಿಂಗ್ ಕಂಪನಿಯ ಏಜೆಂಟ ಹೊಸ ವರ್ಷಕ್ಕೆಂದು ಕೊಟ್ಟ ಈ ಡೈರಿ ಇಷ್ಟು ದಿನ ಮೇಜಿನ ಖಾನೆಯಲ್ಲಿ ಧೂಳು ತಿನ್ನುತ್ತಿತ್ತು. ಇವತ್ತಿನಿಂದ ಬರೆಯುತ್ತೇನೆ. ಕಾರಣ ಇಷ್ಟೇ, ಈ ಮನೆಯಲ್ಲಿ ನಾನು ಬಾಯಿ ತೆರೆದರೆ ಕೇಳುವವರಿಲ್ಲ. ಹೆಂಡತಿ ಭುವನಾ ಶಾಲೆಯಲ್ಲಿ ಮಕ್ಕಳ ಮುಂದೆ ಕೂಗಿ ಕೂಗಿ ದಣಿದು ಬರುತ್ತಾಳೆ. ಮಗಳು ಮಾನಸಿಗೆ ಟೀವಿ ಒಂದಿದ್ದರೆ ಅಪ್ಪ ಬೇಡ. ಇನ್ನು ಭುವನಾಳ ತಾಯಿ. ಅವರ ವಿಷಯ ಬರೆಯಲು ಪುರುಸೊತ್ತು ಬೇಕು.

ತಾರಿಹಾಳದ ನಮ್ಮ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗ ತಯಾರಾಗುತ್ತವೆ. ನಾನು ಅಲ್ಲಿ ಲೆಕ್ಕ ಬರೆಯುವವನು. ವರ್ಷವಿಡೀ ‘ಏ ಮಾಲತೇಶ’ ಎನ್ನುವ ಮಂದಿ ಜೂನ್ ಬಂತೆಂದರೆ ‘ಮಾಲತೇಶ ಸರ್’ ಎನ್ನುತ್ತಾರೆ. ಅವರ ಆದಾಯ ತೆರಿಗೆಯ ಸರಳ್ ಫಾರಂ ತುಂಬಿಕೊಡುವವನು ನಾನೇ ತಾನೆ! ಇವತ್ತು ಲೇಥಿನ ಗುರುಶಿದ್ದಪ್ಪ ತನ್ನ ಪಾವತಿ ಚೀಟಿಗಳನ್ನೆಲ್ಲ ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದ. ಬಿಚ್ಚಿದರೆ ಒಂದು ಲಗ್ನಪತ್ರಿಕೆ, ಹರಿದ ಸಿನೆಮಾ ಟಿಕೆಟ್ಟು, ಎಲ್ಲದರ ತಳಕ್ಕೆ ವಿಮೆಯ ಪಾವತಿ. ಚೆನ್ನಾಗಿ ಬೈದೆ. ಬೈಸಿಕೊಂಡು ಚಹಾ ಕುಡಿಸಿದ. ನನ್ನ ಕೈಯಿಂದ ಹೋದ ಫಾರಂ ಇದುವರೆಗೆ ಒಂದೂ ತಿರುಗಿ ಬಂದಿಲ್ಲ. ಇದು ಜಂಬದ ಮಾತಲ್ಲ, ಇದ್ದದ್ದನ್ನು ಬರೆದಿದ್ದೇನೆ.

ಜುಲೈ ೩, ಮಂಗಳವಾರ

ಮಳೆ. ಕಾರ್ಖಾನೆಯ ಬಸ್ಸು ಕೆಟ್ಟು ಲಗೂ ಮನೆಗೆ ಬಂದೆ. ಪುರುಸೊತ್ತು ಸಿಕ್ಕಿತು.

ಭುವನಾಳ ತಾಯಿ ಹನುಮವ್ವ. ಕುಂದಗೋಳದ ಕಡೆಯವರು. ಗಂಡ ತೀರಿದ ಮೇಲೂ ಒಬ್ಬರೇ ಹೊಲ ನೋಡಿಕೊಂಡಿದ್ದವರು ಹೋದ ವರ್ಷ ಬೇಸಿಗೆಯಲ್ಲಿ ಬದುವಿನಿಂದ ಜಾರಿ ಬಿದ್ದು ಮೊಣಕಾಲು ಒಡೆದುಕೊಂಡರು. ಭುವನಾ ಹೋಗಿ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿಸಿ, ಅವರನ್ನು ವಿದ್ಯಾನಗರದ ನಮ್ಮ ಬಾಡಿಗೆ ಮನೆಗೆ ಕರೆತಂದಳು. ಅಂದಿನಿಂದ ಹಿಂದಿನ ಕೋಣೆ ಅವರದು.

ಅವರ ಕಡೆ ಒಂದು ಪದ್ಧತಿ. ಅತ್ತೆಯಾದವಳು ಅಳಿಯನ ಎದುರು ನಿಲ್ಲಬಾರದು, ಮುಖ ಎತ್ತಿ ನೋಡಬಾರದು, ನೇರವಾಗಿ ಮಾತಾಡಬಾರದು. ನಾನು ಪಡಸಾಲೆಗೆ ಬಂದರೆ ಸೆರಗು ಎಳೆದುಕೊಂಡು ಅಡಿಗೆಮನೆಗೆ ಸರಿಯುತ್ತಾರೆ. ಏನಾದರೂ ಹೇಳಬೇಕಾದರೆ ‘ಭುವನೀ, ಅಳಿಯಾರಿಗೆ ಹೇಳವ್ವಾ’ ಎಂದು ಶುರು. ಭುವನಾ ಇಲ್ಲದಾಗ ಗೋಡೆಗೆ ಹೇಳುತ್ತಾರೆ. ಮೊನ್ನೆ ಗ್ಯಾಸಿನವನು ಬಂದು ಬಾಗಿಲಲ್ಲಿ ನಿಂತಿದ್ದನ್ನು ಹಾಗೇ ಗೋಡೆಗೆ ತಿಳಿಸಿದರು. ನಾನು ಗೋಡೆಯಿಂದ ಸುದ್ದಿ ತಿಳಿದು ಎದ್ದು ಹೋದೆ.

ಇನ್ನೊಂದು ಪದ್ಧತಿ ಇದಕ್ಕಿಂತ ತ್ರಾಸಿನದು. ಮಗಳ ಮನೆಯಲ್ಲಿ ಬಿಟ್ಟಿ ಉಣ್ಣಬಾರದಂತೆ. ಲಾವಣಿಯ ಜೋಳದ ಚೀಲ ತರಿಸಿ ಹಾಕುತ್ತಾರೆ, ಶೇಂಗಾ ತರಿಸುತ್ತಾರೆ. ಒಂದು ಕಪ್ಪು ಚಹಾ ಹೆಚ್ಚಿಗೆ ಕುಡಿದರೆ ಮರುದಿನ ಚಾಕಲೇಟಿಗೆಂದು ಮಾನಸಿಯ ಕೈಯಲ್ಲಿ ಚಿಲ್ಲರೆ ಇಡುತ್ತಾರೆ. ಇದೇನು ಮನೆಯೋ ಖಾನಾವಳಿಯೋ? ಸಿಟ್ಟು ಬರುತ್ತದೆ. ಯಾರಿಗೆ ಹೇಳಲಿ, ಗೋಡೆಗೇ?

ಅಷ್ಟಾದರೂ ನನ್ನ ಕರ್ತವ್ಯಕ್ಕೆ ನಾನು ತಪ್ಪಿಲ್ಲ. ಅವರು ಬಂದ ವರ್ಷವೇ ಅವರ ಹೆಸರಿನಲ್ಲಿ ಆಸ್ಪತ್ರೆ ಖರ್ಚಿನ ವಿಮೆ ಮಾಡಿಸಿದೆ. ಅದು ಒಳ್ಳೆಯದೇ ಆಯಿತು. ಹೋದ ಚಳಿಗಾಲದಿಂದ ಅವರ ಎರಡೂ ಕಣ್ಣಿಗೆ ಪೊರೆ ಬರುತ್ತಿದೆ. ಕಣ್ಣಿನ ಪೊರೆಗೆ ವಿಮೆಯವರು ಮೊದಲ ವರ್ಷ ಏನೂ ಕೊಡುವುದಿಲ್ಲ, ಎರಡನೇ ವರ್ಷದಿಂದ ಕೊಡುತ್ತಾರೆ. ಆಗಸ್ಟ್ ಹತ್ತಕ್ಕೆ ಮುದ್ದತು ಮುಗಿಯುತ್ತದೆ. ಅಷ್ಟರೊಳಗೆ ಮುಂದಿನ ಕಂತು ಕಟ್ಟಿದರೆ ಸರಿ, ತಪ್ಪಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಕಟ್ಟಿಬಿಟ್ಟರೆ ಶಸ್ತ್ರಕ್ರಿಯೆಗೆ ದಾರಿ ಸಲೀಸು.

ಜುಲೈ ೯, ಸೋಮವಾರ

ಇವತ್ತು ನನ್ನ ಸ್ವಂತದ ಫಾರಂ ಕೊಟ್ಟು ಠಸ್ಸೆ ಹಾಕಿಸಿಕೊಂಡು ಬಂದೆ. ಆರೋಗ್ಯ ವಿಮೆಯ ರಿಯಾಯತಿಯ ಸಾಲಿನಲ್ಲಿ ನಮ್ಮ ಮೂವರ ಕಂತು, ಭುವನಾಳ ತಾಯಿಯ ಕಂತು ಎರಡನ್ನೂ ಕೂಡಿಸಿ ತೋರಿಸಿದ್ದೇನೆ. ಕಾಯ್ದೆಯಲ್ಲಿ ‘ಅವಲಂಬಿತ ತಂದೆ ತಾಯಿ’ ಎಂದಿದೆ. ನನ್ನ ತಂದೆ ತಾಯಿ ಇಬ್ಬರೂ ತೀರಿ ಯಾವ ಕಾಲವಾಯಿತು. ಈಗ ಮನೆಯಲ್ಲಿ ನನ್ನ ಆಸರೆಗೆ ಬಂದ ಹಿರಿಯರು ಇವರೊಬ್ಬರೇ. ತೆರಿಗೆಯೂ ಅಷ್ಟು ಉಳಿಯಿತು. ಖುಷಿಗೆ ಎಲ್ಲರಿಗೂ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದೆ. ಭುವನಾಳ ತಾಯಿ ಒಂದು ತಿಂದರು. ಅದರ ದುಡ್ಡು ನಾಳೆ ಮಾನಸಿಯ ಕೈಗೆ ಬರುತ್ತದೆ.

ಜುಲೈ ೧೭, ಮಂಗಳವಾರ

ಬರೆಯಲು ಮನಸ್ಸೇ ಇಲ್ಲ. ಆದರೆ ಬರೆಯದಿದ್ದರೆ ಅನ್ನ ಇಳಿಯುವುದಿಲ್ಲ.

ಲೆಕ್ಕ ತಪಾಸಣೆಗೆಂದು ಆಡಿಟರ್ ಸುಲಭಾಬಾಯಿ ಕಾರ್ಖಾನೆಗೆ ಬಂದಿದ್ದರು. ಧಾರವಾಡದವರು, ದೇಶಪಾಂಡೆ ನಗರದಲ್ಲಿ ಆಫೀಸು. ಊಟದ ಹೊತ್ತಿಗೆ ನಾನೇ ಸುಮ್ಮನಿರಲಾರದೆ ನನ್ನ ಫಾರಂನ ನಕಲು ತೆಗೆದು, ನಮ್ಮ ಮಂದಿಗೆ ಮಾದರಿ ಎಂದು ಇದನ್ನೇ ತೋರಿಸುತ್ತೇನೆ ಎಂದು ಅವರ ಮುಂದಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡುತ್ತ ಹೋದರು. ಪಾವತಿಗಳನ್ನು ತಿರುವಿದರು. ಒಂದು ಪಾವತಿಗೆ ಬಂದು ನಿಂತರು.

“ಮಾಲತೇಶ, ಈ ಹನುಮವ್ವ ಯಾರು?”

ನಮ್ಮ ಅತ್ತಿ ಎಂದೆ.

“ಹಂಗಾದ್ರ ಇದು ನಡಿಯೂದಿಲ್ಲ. ಹೆಂಡ್ತಿ ತಾಯಿ ಕಾಯ್ದೆ ಪ್ರಕಾರ ನಿಮ್ಮ ತಾಯಿ ಅಲ್ಲ. ನಿಮ್ಮ ಹೆಂಡ್ತಿ ಕಟ್ಟಿದ್ರ ಆಕೀಗೆ ರಿಯಾಯತಿ ಸಿಗ್ತದ, ನಿಮಗ ಇಲ್ಲ.”

ಭುವನಾಳ ಖಾಸಗಿ ಶಾಲೆಯ ಪಗಾರಕ್ಕೆ ತೆರಿಗೆಯೇ ಬೀಳುವುದಿಲ್ಲ, ರಿಯಾಯತಿ ತಗೊಂಡು ಏನು ಮಾಡುವುದು? ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಮೂವರ ಪಾವತಿಯ ಮೇಲೆ ಚೆಕ್ಕಿನ ನಂಬರು ಇದೆ, ಇದರ ಮೇಲೆ ಇಲ್ಲವಲ್ಲ ಎಂದು ಬೆರಳಿಟ್ಟು ತೋರಿಸಿದರು. ನಗದು ಕಟ್ಟಿದ ಕಂತಿಗೆ ಹೆತ್ತ ತಾಯಿಯಾದರೂ ರಿಯಾಯತಿ ಇಲ್ಲವಂತೆ. ಅದು ನನಗೆ ಗೊತ್ತಿದ್ದದ್ದೇ. ಎಲ್ಲರಿಗೂ ನಾನೇ ಹೇಳುತ್ತೇನೆ. ಹೋದ ಆಗಸ್ಟಿನಲ್ಲಿ ಕೆಲಸದ ಗದ್ದಲದಲ್ಲಿ ಭುವನಾಳ ಕೈಗೆ ದುಡ್ಡು ಕೊಟ್ಟು ಕಟ್ಟಿಸೆಂದು ಹೇಳಿ ಮರೆತಿದ್ದೆ. ಪಾವತಿಯನ್ನು ನೋಡದೆ ಪಿನ್ನು ಹಾಕಿದ್ದೆ.

ಸುಲಭಾಬಾಯಿ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅಂಜಬೇಡ, ತಪ್ಪು ತಿದ್ದಿ ಇನ್ನೊಂದು ಫಾರಂ ಕೊಡಲು ಬರುತ್ತದೆ, ತೆರಿಗೆಯವರು ಹಿಡಿಯುವ ಮೊದಲು ನೀನೇ ಹೇಳಿಬಿಡು ಎಂದು ಸಣ್ಣ ಹುಡುಗನಿಗೆ ಹೇಳುವಂತೆ ಹೇಳಿದರು. ಆಚೆ ಮೇಜಿನ ಮಂದಿಗೆಲ್ಲ ಕೇಳಿಸಿತು. ಸಂಜೆ ಬಸ್ಸಿನಲ್ಲಿ ಗುರುಶಿದ್ದಪ್ಪ ನನ್ನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡಿದ. ಸರ್ ಅನ್ನಲಿಲ್ಲ.

ಜುಲೈ ೧೮, ಬುಧವಾರ

ಇವತ್ತು ಭುವನಾಳನ್ನು ಕೇಳಿದೆ, ನಾನು ಕೊಟ್ಟ ದುಡ್ಡನ್ನು ಯಾರ ಕೈಯಲ್ಲಿ ಕಟ್ಟಿಸಿದ್ದೆ ಎಂದು. ಆಕೆ ಸೆರಗಿನ ತುದಿ ತಿರುವತೊಡಗಿದಳು. ಆಗಲೇ ನನಗೆ ಗೊತ್ತಾಯಿತು ಇಲ್ಲಿ ಏನೋ ಇದೆ ಎಂದು.

ನನ್ನ ದುಡ್ಡು ಕಟ್ಟಿಯೇ ಇಲ್ಲ! ಅಳಿಯನ ದುಡ್ಡಿನಲ್ಲಿ ನನ್ನ ಔಷಧಿ ಬೇಡ ಎಂದು ಆಕೆಯ ತಾಯಿ ಹಟ ಹಿಡಿದು, ವಿಮೆ ಏಜೆಂಟ ಮೌಲಾಲಿಯನ್ನು ಮನೆಗೇ ಕರೆಸಿ, ಲಾವಣಿಯ ಹಣ ಎಣಿಸಿ ಅವನ ಕೈಯಲ್ಲಿ ಇಟ್ಟಿದ್ದಾರೆ. ಅವನು ನಗದು ಪಾವತಿ ಕೊಟ್ಟಿದ್ದಾನೆ. ಹಾಗಾದರೆ ನನ್ನ ದುಡ್ಡು? ಕುಕ್ಕರು ಬಂತಂತೆ. ಮಾನಸಿಗೆ ಬೂಟು ಬಂದವಂತೆ. ಹೋದ ವರ್ಷ ಆ ಕುಕ್ಕರನ್ನು ನೋಡಿ, ಉಳಿತಾಯ ಮಾಡಿ ತಂದಿದ್ದಾಳೆ ಎಂದು ನಾನು ಹೊಗಳಿದ್ದೆ.

ಅಂದರೆ ನಾನು ಕಟ್ಟದ ಹಣವನ್ನು, ಕಟ್ಟಬಾರದ ರೀತಿಯಲ್ಲಿ ಕಟ್ಟಿದ್ದನ್ನು, ಕಾಯ್ದೆಯಲ್ಲಿ ಇಲ್ಲದವರ ಹೆಸರಿನಲ್ಲಿ ತೋರಿಸಿ ಸರಕಾರದ ಮುಂದೆ ಸಹಿ ಮಾಡಿದ್ದೇನೆ. ಗುರುಶಿದ್ದಪ್ಪನ ಕರವಸ್ತ್ರದ ಗಂಟೇ ಮೇಲು.

ಕೂಗಾಡಿದೆ. ಬಿಟ್ಟಿ ಉಣ್ಣುವುದಿಲ್ಲ ಅಂತಾರಲ್ಲ, ಅಳಿಯನ ಮಾನ ಕಳೆಯುವುದು ಯಾವ ಪದ್ಧತಿ ಕೇಳು ಎಂದುಬಿಟ್ಟೆ. ಅಡಿಗೆಮನೆಯಲ್ಲಿ ಶೇಂಗಾ ಕುಟ್ಟುವ ಸಪ್ಪಳ ನಿಂತಿತು. ಮತ್ತೆ ಶುರುವಾಗಲಿಲ್ಲ.

ಜುಲೈ ೧೯, ಗುರುವಾರ

ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ಒಳಗಿನಿಂದ ಮಾತು ಬಂತು.

“ಭುವನೀ, ಅಳಿಯಾರಿಗೆ ಹೇಳವ್ವಾ. ನನ್ನ ಸಲುವಾಗಿ ಸರಕಾರದವರ ಮುಂದ ಅವರು ತಲಿ ತಗ್ಗಿಸೂದು ಬ್ಯಾಡ. ಆ ಪಾಲಿಸಿ ಬಂದ್ ಮಾಡ್ರಿ. ಕಣ್ಣು ಕಂಡಷ್ಟು ಕಂಡಾವು.”

ಪಂಚಮಿ ಮುಗಿಸಿಕೊಂಡು ಊರಿಗೆ, ಅಣ್ಣನ ಮಗನ ಮನೆಗೆ ಹೋಗುತ್ತಾರಂತೆ. ಭುವನಾ ನನಗೆ ಏನೂ ಹೇಳಲಿಲ್ಲ. ಏನೂ ಹೇಳುತ್ತಲೇ ಇಲ್ಲ, ನಿನ್ನೆಯಿಂದ. ಡಬ್ಬಿ ಕಟ್ಟಿ ಮೇಜಿನ ಮೇಲೆ ಕುಕ್ಕಿ ಹೋದಳು. ಗೋಡೆಯ ಹತ್ತಿರ ಮಾತಾಡುವ ಸರದಿ ಈಗ ನನ್ನದು.

ಜುಲೈ ೨೪, ಮಂಗಳವಾರ

ನಾಳೆ ನಾಗರ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ, ನಮ್ಮಲ್ಲಿ ತವರೇ ಬಂದು ಕೂತಿದೆ. ಶಾಲೆಗೆ ಅರ್ಧ ದಿನ. ಮಧ್ಯಾಹ್ನದಿಂದ ಅಡಿಗೆಮನೆಯಲ್ಲಿ ಉಂಡಿ ಕಟ್ಟುವ ಕೆಲಸ. ನಾನೂ ರಜೆ ಹಾಕಿ, ಮಾತಾಡದೆ, ಕೊಬ್ಬರಿ ತುರಿದುಕೊಟ್ಟು ಬಂದು ಪಡಸಾಲೆಯಲ್ಲಿ ಕುಳಿತಿದ್ದೆ.

ಉಂಡಿಗೆಂದು ಬೆಲ್ಲದ ಆಣ, ಅಂದರೆ ಪಾಕ, ಒಲೆಯ ಮೇಲೆ ಕುದಿಯುತ್ತಿತ್ತು. ಭುವನಾ ಹೊರಗೆ ಬಟ್ಟೆ ತೆಗೆಯಲು ಹೋಗಿದ್ದಳು. ಅತ್ತೆ ಸೌಟು ಹುಡುಕಲು ಕೈಯಾಡಿಸಿದ್ದಾರೆ. ಸೌಟು ಬಲಕ್ಕೆ ಇತ್ತು, ಕೈ ಹೋಗಿದ್ದು ಪಾತ್ರೆಗೆ. ಪಾತ್ರೆ ವಾಲಿತು. ಒಂದು ಸಣ್ಣ ಸ್ವರ ಕೇಳಿತು, ಅಷ್ಟೇ, ಚೀರಲಿಲ್ಲ. ನಾನು ಓಡಿಹೋಗಿ ಅವರ ಕೈ ಹಿಡಿದು ನಲ್ಲಿಯ ಕೆಳಗೆ ಹಿಡಿದೆ. ಬೆಲ್ಲ ಚರ್ಮಕ್ಕೆ ಅಂಟಿತ್ತು. ಅಂಥ ಉರಿಯಲ್ಲೂ ಅವರು ಇನ್ನೊಂದು ಕೈಯಿಂದ ಸೆರಗು ಮುಂದೆ ಎಳೆದುಕೊಳ್ಳುತ್ತಿದ್ದರು. ಇಷ್ಟು ಹತ್ತಿರದಲ್ಲಿದ್ದ ಸೌಟು ಇವರಿಗೆ ಕಾಣುವುದಿಲ್ಲ ಎಂದು ನಾನು ಇಷ್ಟು ದಿನ ತಿಳಿದೇ ಇರಲಿ­ಲ್ಲವಲ್ಲ.

ರಿಕ್ಷಾ ಮಾಡಿಕೊಂಡು ದವಾಖಾನೆಗೆ ಹೋದೆವು. ಕೈಗೆ ಮುಲಾಮು ಹಚ್ಚಿದ ಮೇಲೆ ಹಾಗೆಯೇ ಕಣ್ಣಿನ ಡಾಕ್ಟರರಿಗೂ ತೋರಿಸಿದೆ. ಎರಡೂ ಪೊರೆ ಬಲಿಯುತ್ತಿವೆ, ಎರಡನ್ನೂ ತೆಗೆಯಬೇಕು, ಬಹಳ ತಡ ಮಾಡಿದರೆ ತೊಡಕಾಗುತ್ತದೆ ಎಂದರು. ಅತ್ತೆ ಭುವನಾಳ ಕಿವಿಯಲ್ಲಿ ಏನೋ ಹೇಳಿದರು. ರಿಕ್ಷಾದ ದುಡ್ಡು ತಾನು ಕೊಡುತ್ತೇನೆ ಎಂದು ಹೇಳಿದ್ದಂತೆ.

ಜುಲೈ ೨೫, ಬುಧವಾರ

ಪಂಚಮಿ. ಉಂಡಿ ಕಟ್ಟಿದ್ದು ಭುವನಾ, ಕುಳಿತು ಹೇಳಿಕೊಟ್ಟಿದ್ದು ಅತ್ತೆ. ಶೇಂಗಾ ಉಂಡಿ ಕಲ್ಲಿನಂತೆ ಆಗಿವೆ. ಚಲೋ ಆಗ್ಯಾವು ಎಂದೆ. ಭುವನಾ ನಕ್ಕಳು. ಮಾತು ಶುರುವಾಯಿತು.

ಜುಲೈ ೨೭, ಶುಕ್ರವಾರ

ಹೊಸ ಫಾರಂ ತುಂಬಿದೆ. ಬ್ಯಾಂಕಿನಲ್ಲಿ ಚಲನ್ ಬರೆದು ಉಳಿದ ತೆರಿಗೆಯನ್ನು ಬಡ್ಡಿ ಸಮೇತ ತುಂಬಿದೆ. ದೊಡ್ಡ ಹಣವೇನಲ್ಲ, ಒಂದು ಜೊತೆ ಚಪ್ಪಲಿಯ ಬೆಲೆ. ಅತ್ತೆಯ ಪಾವತಿಯನ್ನು ಪಿನ್ನಿನಿಂದ ಬಿಡಿಸಿ ತೆಗೆಯುವಾಗ ಮಾತ್ರ ಮನಸ್ಸಿಗೆ ಹಿತ ಎನಿಸಲಿಲ್ಲ. ಈಗ ಲೆಕ್ಕ ಸರಿಯಾಗಿದೆ. ಸರಿಯಾದ ಲೆಕ್ಕ ನೋಡಿದರೆ ನನಗೆ ಯಾವಾಗಲೂ ಸಂತೋಷವಾಗುತ್ತಿತ್ತು.

ಕೊಡುವ ಮೊದಲು ಸುಲಭಾಬಾಯಿಯವರಿಗೆ ತೋರಿಸಲು ದೇಶಪಾಂಡೆ ನಗರಕ್ಕೆ ಹೋಗಿದ್ದೆ. ಏನಾದರೂ ದಾರಿ ಇದೆಯೇ, ಈ ವರ್ಷ ಚೆಕ್ಕಿನಲ್ಲಿ ಕಟ್ಟಿದರೆ ಹೇಗೆ ಎಂದು ಕೇಳಿದೆ. ಅತ್ತೆ ಅತ್ತೆಯೇ, ರಿಯಾಯತಿ ಇಲ್ಲ ಎಂದರು. ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟರು.

“ರಿಯಾಯತಿ ಇಲ್ಲ ಅಂತ ಅಷ್ಟ ಕಾಯ್ದೆ ಹೇಳ್ತದ, ಮಾಲತೇಶ. ಕಟ್ಟಬ್ಯಾಡ ಅಂತ ಎಲ್ಲೂ ಹೇಳಿಲ್ಲ.”

ಇದು ಹೊಸ ಮಾತೇನಲ್ಲ. ಆದರೆ ಕಚೇರಿಗೆ ಹೋಗಿ ಫಾರಂ ಕೊಟ್ಟು ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

ಆಗಸ್ಟ್ ೧, ಬುಧವಾರ

ನಾನೇ ಕಟ್ಟುತ್ತೇನೆ ಎಂದು ಭುವನಾಳ ಕೈಯಲ್ಲಿ ಹೇಳಿ ಕಳಿಸಿದೆ. ಬೇಡವೆಂದರು. ಕ್ಷಮಿಸಿರಿ, ಸಿಟ್ಟಿನಲ್ಲಿ ಅಂದ ಮಾತು ಎಂದು ಹೇಳಿ ಕಳಿಸಿದೆ. ಸಿಟ್ಟೇನಿಲ್ಲ, ಅಳಿಯಾರು ಅಂದದ್ದು ಖರೇನೇ ಇದೆ ಎಂದರು. ಹಾಗಾದರೆ ನೀವೇ ನಿಮ್ಮ ದುಡ್ಡಿನಲ್ಲಿ ಕಟ್ಟಿರಿ ಎಂದು ಹೇಳಿ ಕಳಿಸಿದೆ. ಒಮ್ಮೆ ಕಟ್ಟಿದ್ದಕ್ಕೆ ಇಷ್ಟು ರಾಮಾಯಣವಾಯಿತು, ಇನ್ನು ಸಾಕು ಎಂದರು. ಮೌಲಾಲಿಗೆ ಬರಬೇಡ ಎಂದು ಆಗಲೇ ಹೇಳಿಯಾಗಿದೆ. ಸೀರೆಯ ಗಂಟು ಕಟ್ಟಿಟ್ಟಿದ್ದಾರೆ. ರವಿವಾರ ಅಣ್ಣನ ಮಗ ಬರುತ್ತಾನೆ.

ಅವನ ಮನೆಯಲ್ಲಿ ಯಾರು ಇವರ ಕಣ್ಣು ನೋಡುತ್ತಾರೆ? ಅವನಿಗೆ ತನ್ನ ಎತ್ತಿನ ಕಣ್ಣು ನೋಡಲು ಪುರುಸೊತ್ತಿಲ್ಲ. ಅಲ್ಲಿ ಹೋಗಿ ಬಾವಿಕಟ್ಟೆಯ ಮೇಲೆ ಕೈಯಾಡಿಸುತ್ತ ನಿಂತಂತೆ ಇವತ್ತು ಆಫೀಸಿನಲ್ಲಿ ಕೂತಲ್ಲೇ ಕಂಡಿತು. ಒಂದು ಮೊತ್ತವನ್ನು ಎರಡು ಸಲ ತಪ್ಪು ಕೂಡಿಸಿದೆ.

ಆಗಸ್ಟ್ ೪, ಶನಿವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಈ ಡೈರಿಯನ್ನು ಯಾರೂ ಓದುವುದಿಲ್ಲ. ಬರೆಯುತ್ತೇನೆ.

ಸಂಜೆ ಪಡಸಾಲೆಯಲ್ಲಿ ಭುವನಾ ಮೆಂತೆಸೊಪ್ಪು ಸೋಸುತ್ತಿದ್ದಳು. ಅತ್ತೆ ಅಡಿಗೆಮನೆಯ ಬಾಗಿಲಿನ ಒಳಗೆ, ಬೆನ್ನು ಮಾತ್ರ ಕಾಣುವಂತೆ, ಕುಳಿತಿದ್ದರು. ಹಗಲೆಲ್ಲ ಯೋಚಿಸಿ ಒಂದೇ ಒಂದು ದಾರಿ ಹೊಳೆದಿತ್ತು. ಇವರು ನಮ್ಮಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಕೊಡು ಎಂದರೆ ಮಾತ್ರ ಇಲ್ಲ ಎನ್ನುವುದಿಲ್ಲ. ಗಂಟಲು ಸರಿಮಾಡಿಕೊಂಡು ಸ್ವಲ್ಪ ಜೋರಾಗಿಯೇ ಶುರುಮಾಡಿದೆ.

“ಭುವನಾ, ಆಡಿಟರ್ ಬಾಯಾರನ್ನ ಮತ್ತ ಕೇಳೇನಿ. ನಾನ ತಪ್ಪ ತಿಳಕೊಂಡಿದ್ನಿ. ತಪ್ಪು ಆಗಿದ್ದು ನಗದು ಕಟ್ಟಿದ್ದರಿಂದ ಅಷ್ಟ. ನನ್ನ ಚೆಕ್ ಹೋದ್ರ ಸರಕಾರ ರಿಯಾಯತಿ ಕೊಡತೈತಿ. ನಿಮ್ಮವ್ವ ಪಾಲಿಸಿ ಬಿಟ್ರಂದ್ರ ಈ ವರ್ಷ ನನಗ ತೆರಿಗಿ ಜಾಸ್ತಿ ಬೀಳತೈತಿ.”

ಭುವನಾಳ ಕೈ ನಿಂತಿತು. ಅತ್ತೆಗೆ ರಿಯಾಯತಿ ಇಲ್ಲವೆಂದು ಆಕೆಗೆ ನಾನೇ ಬಿಡಿಸಿ ಹೇಳಿದ್ದೆ. ಪರೀಕ್ಷೆಯಲ್ಲಿ ನಕಲು ಹೊಡೆಯುವ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದಳು. ನಾನು ಸೊಪ್ಪಿನ ಕಡೆ ನೋಡಿದೆ. ಎಷ್ಟಾದರೂ ಶಾಲೆಯಲ್ಲಿ ಕಲಿಸುವಾಕೆ, ಬಲು ಬೇಗ ತಿಳಿದುಕೊಂಡಳು. ಅಡಿಗೆಮನೆಯ ಕಡೆ ತಿರುಗಿ, ಕೇಳಿದಿಯೇನವ್ವಾ, ನೀ ಬಿಟ್ಟರೆ ಇವರಿಗೆ ಲುಕ್ಸಾನು ಆಗುತ್ತದಂತೆ ಎಂದಳು.

ಬಾಗಿಲಿನ ಒಳಗೆ ಅತ್ತೆಯ ಬೆನ್ನು ನೆಟ್ಟಗಾಯಿತು.

“ಭುವನೀ, ಕೇಳವ್ವಾ. ನಾ ಇದ್ರ ಅಳಿಯಾರಿಗೆ ಖರೇನ ಏನರ ಉಳಿತೈತೇನು?”

“ಉಳಿತೈತಿ,” ಎಂದೆ.

“ಭಾಳ?”

“ಭಾಳ ಉಳಿತೈತಿ.”

ಹಾಗಿದ್ದರೆ ಮೊದಲೇ ಹೇಳಬಾರದಿತ್ತೇ ಎಂದು ಭುವನಾಳಿಗೆ ಬೈದರು. ಮನೆಯ ಗಂಡಸಿಗೆ ಲುಕ್ಸಾನು ಮಾಡಿ ಊರಿಗೆ ಹೋಗುವುದು ಎಂಥದು ಎಂದರು. ತಾನೇನು ಕೊಡಬೇಕು ಎಂದು ಕೇಳಿಸಿದರು. ಅವರ ಹೆಸರು ಕೊಟ್ಟರೆ ಸಾಕು, ಇನ್ನೇನೂ ಕೊಡಬಾರದು, ಕೊಟ್ಟರೆ ಸರಕಾರದವರು ಒಪ್ಪುವುದಿಲ್ಲ ಎಂದು ಹೇಳಿಸಿದೆ. ಸರಕಾರಕ್ಕೆ ಈ ಕಲಮು ಗೊತ್ತಾದರೆ ನಕ್ಕಾರು. ಭುವನಾ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಸರಕ್ಕನೆ ಒಳಗೆ ಹೋದಳು. ಮೂಗು ಒರೆಸುವ ಸಪ್ಪಳ ಬಂತು.

ಇಷ್ಟು ವರ್ಷ ಲೆಕ್ಕ ಬರೆದವನು ಇಂಥ ಹಸಿ ಸುಳ್ಳನ್ನು ಇಷ್ಟು ಸಲೀಸಾಗಿ ಹೇಳಿದೆನಲ್ಲ! ಊಟ ಸೇರಲಿಕ್ಕಿಲ್ಲ ಎಂದುಕೊಂಡಿದ್ದೆ. ಹಸಿವೆ ವಿಪರೀತವಾಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಆಗಸ್ಟ್ ೭, ಮಂಗಳವಾರ

ಮೌಲಾಲಿ ಬಂದು ಚೆಕ್ಕು ಒಯ್ದ. ಪಾವತಿ ನಾನೇ ಓದಿ ನೋಡಿದೆ. ಹೆಸರು, ತಾರೀಖು, ಚೆಕ್ಕಿನ ನಂಬರು ಎಲ್ಲ ಸರಿ ಇವೆ. ಯಾವ ಫಾರಂಗೂ ಪಿನ್ನು ಹಾಕುವ ಪಾವತಿಯಲ್ಲ, ಕಪಾಟಿನಲ್ಲಿ ಇಟ್ಟೆ. ಅತ್ತೆ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಗೂಟಕ್ಕೆ ಹಾಕಿದ್ದಾರೆ.

ಆಗಸ್ಟ್ ೧೯, ರವಿವಾರ

ಇದೊಳ್ಳೆ ಫಜೀತಿ.

ಪಕ್ಕದ ಮನೆಯ ರೆಹಮತ್‌ಬಿ ಮತ್ತು ನಮ್ಮ ಅವ್ವ ಮಧ್ಯಾಹ್ನ ಎಲೆಅಡಿಕೆ ಹಾಕಿಕೊಳ್ಳುತ್ತ ಕೂರುವುದು ವಾಡಿಕೆ. ಅವ್ವ ಕೂತಲ್ಲಿ ನಿಂತಲ್ಲಿ ಒಂದೇ ಮಾತು ಆಡುತ್ತಿದ್ದಾರಂತೆ, ತಾನು ಇರುವುದರಿಂದ ಅಳಿಯನಿಗೆ ಸರಕಾರ ತೆರಿಗೆ ಮಾಫಿ ಮಾಡಿದೆ ಎಂದು. ರೆಹಮತ್‌ಬಿಯೂ ಅಳಿಯನ ಮನೆಯಲ್ಲೇ ಇರುವವರು. ಮೊಣಕಾಲು ನೋವಿಗೆ ದವಾಖಾನೆಗೆ ಬಾ ಎಂದರೆ, ಅಳಿಯನಿಗೆ ಖರ್ಚು ಎಂದು ಇಷ್ಟು ದಿನ ಒಲ್ಲೆ ಎನ್ನುತ್ತಿದ್ದವರು. ಈಗ ತಾವಾಗಿಯೇ, ನನ್ನ ಹೆಸರಿನಲ್ಲೂ ವಿಮೆ ಮಾಡಿಸು, ನಿನಗೂ ಉಳಿಯಲಿ ಎಂದು ಅಳಿಯ ಅಬ್ದುಲಮಜೀದನ ಬೆನ್ನು ಹತ್ತಿದ್ದಾರೆ.

ಇವತ್ತು ಬೆಳಿಗ್ಗೆ ಅಬ್ದುಲಮಜೀದ ಬಂದ. ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತ, ಲೆಕ್ಕದ ಮನುಷ್ಯ. ಅತ್ತೆಯ ಕಂತನ್ನು ಫಾರಂನ ಯಾವ ಸಾಲಿನಲ್ಲಿ ತೋರಿಸಬೇಕು ಎಂದು ಕೇಳಿದ. ಅವ್ವ ಒಳಗಿದ್ದರು. ಅವನನ್ನು ತೋಳು ಹಿಡಿದು ಓಣಿಯ ತುದಿಯ ಬೇವಿನಮರದ ತನಕ ಎಳೆದುಕೊಂಡು ಹೋದೆ. ಯಾವ ಸಾಲಿನಲ್ಲಿಯೂ ತೋರಿಸಬೇಡ ಮಾರಾಯಾ, ನಾನು ತೋರಿಸಿ ಅನುಭವಿಸಿದ್ದೇನೆ ಎಂದು ಇದ್ದದ್ದನ್ನೆಲ್ಲ ಹೇಳಿದೆ. ಅವನು ಗಡ್ಡ ತುರಿಸಿಕೊಂಡ.

“ಹಂಗಾದ್ರ ನಮ್ಮ ಮನ್ಯಾಗೂ ಇದನ್ನ ಖರೇ ಅಂತ ಇಟ್ಟಬಿಡೂಣ್ರಿ. ಇಷ್ಟ ದಿನದ ಮ್ಯಾಲೆ ಅತ್ತಿ ದವಾಖಾನಿಗೆ ಬರ್ತೇನಿ ಅಂದಾರ.”

ಮೌಲಾಲಿಯ ಮನೆಯ ಪತ್ತೆ ಬರೆದುಕೊಟ್ಟೆ. ಚೆಕ್ಕಿನಲ್ಲೇ ಕಟ್ಟು ಎಂದು ಸಲಹೆಯನ್ನೂ ಕೊಟ್ಟೆ. ಯಾಕೆ ಕೊಟ್ಟೆನೋ, ಯಾವ ಉಪಯೋಗವೂ ಇಲ್ಲ.

ಸೆಪ್ಟೆಂಬರ್ ೪, ಮಂಗಳವಾರ

ನಾಡಿದ್ದು ಶಸ್ತ್ರಕ್ರಿಯೆ. ಡಾಕ್ಟರರು ಮೊದಲು ಬಲಗಣ್ಣು, ಕೆಲವು ವಾರ ಬಿಟ್ಟು ಎಡಗಣ್ಣು ಎಂದರು. ಅವ್ವ ಒಂದೇ ಸಾಕು ಎಂದು ಕುಳಿತಿದ್ದಾರೆ. ಇನ್ನೆಷ್ಟು ದಿನ ನೋಡುವುದಿದೆ, ಒಂದು ಕಣ್ಣಿನಿಂದ ನೋಡಿ ಮುಗಿಯುತ್ತದೆ ಎನ್ನುತ್ತಾರೆ. ಭುವನಾ ಅತ್ತಳು, ಬೈದಳು. ಜಪ್ಪಯ್ಯ ಅನ್ನಲಿಲ್ಲ. ನಾನು ಈ ಸಲ ಬಾಯಿ ಹಾಕಲಿಲ್ಲ. ಮೊದಲು ಒಂದಾದರೂ ಆಗಲಿ.

ಸೆಪ್ಟೆಂಬರ್ ೬, ಗುರುವಾರ

ಆಯಿತು. ಚಲೋ ಆಯಿತು.

ಭುವನಾಳಿಗೆ ಶಾಲೆಯಲ್ಲಿ ರಜೆ ಸಿಗಲಿಲ್ಲ, ಮಧ್ಯಾಹ್ನದ ತನಕ ನಾನೊಬ್ಬನೇ ಇದ್ದೆ. ಒಳಗೆ ಒಯ್ಯುವ ಮೊದಲು ಅವ್ವನ ಕೈ ಹಿಡಿದುಕೊಂಡು ಕುಳಿತೆ. ಅಂಜಬೇಡಿರಿ, ಇರುವೆ ಕಚ್ಚಿದಷ್ಟೂ ನೋಯುವುದಿಲ್ಲ ಎಂದೆ. ನಿಮಗೆ ಯಾರು ಹೇಳಿದರು ಎಂದು, ಗೋಡೆಯನ್ನಲ್ಲ, ನನ್ನನ್ನೇ ಕೇಳಿದರು. ಪಕ್ಕದ ಹಾಸಿಗೆಯ ಅಜ್ಜ ಹೇಳಿದ ಎಂದೆ. ಆ ಅಜ್ಜ ಬೆಳಗಿನಿಂದ ನರಳುತ್ತಲೇ ಇದ್ದಾನಲ್ಲ ಎಂದರು. ಇಬ್ಬರೂ ನಕ್ಕೆವು. ಆಮೇಲೆ ಹೊರಗಿನ ಬೆಂಚಿನ ಮೇಲೆ ಕುಳಿತು, ಯಾವ ದೇವರ ಹೆಸರು ನೆನಪಾಯಿತೋ ಎಲ್ಲ ದೇವರಿಗೂ ಕೈ ಮುಗಿದೆ.

ಸೆಪ್ಟೆಂಬರ್ ೧೬, ರವಿವಾರ

ಕಪ್ಪು ಕನ್ನಡಕ ಹಾಕಿಕೊಂಡು ಅವ್ವ ಮನೆಯನ್ನೆಲ್ಲ ತಪಾಸಣೆ ಮಾಡುತ್ತಿದ್ದಾರೆ. ಡಬ್ಬಿಗಳ ಜಿಡ್ಡು ಕಂಡಿದೆ, ದೇವರ ಫೋಟೋದ ಹಿಂದಿನ ಜೇಡರ ಬಲೆ ಕಂಡಿದೆ. ಮಾನಸಿಯ ಮುಂದಿನ ಹಲ್ಲು ಬಿದ್ದದ್ದು ಕಂಡಿದೆ. ಇಷ್ಟು ದಿನ ಇಂಥ ಮನೆಯಲ್ಲಿ ಉಂಡೆನೇ ಎಂದು ಭುವನಾಳಿಗೆ ದಿನವಿಡೀ ಮಂಗಳಾರತಿ. ಭುವನಾ ಬೈಸಿಕೊಂಡು ಹಾಡು ಗುನುಗುತ್ತ ಓಡಾಡುತ್ತಿದ್ದಾಳೆ.

ಸಂಜೆ ನಾನು ಪತ್ರಿಕೆ ಓದುತ್ತಿದ್ದೆ. ಅವ್ವ ಬಂದು ಎದುರಿನ ಚಾಪೆಯ ಮೇಲೆ ಕುಳಿತರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು.

“ಅಳಿಯಾರ, ನಿಮ್ಮ ತಲಿ ಇಷ್ಟ ಬೆಳ್ಳಗ ಆಗೇತೇನ್ರಿ?”

ಕಾರ್ಖಾನೆಯ ಧೂಳು ಎಂದೆ. ನಕ್ಕರು. ವಿಮೆಯವರ ಹಣ ಬಂತೇ ಎಂದು ಕೇಳಿದರು. ಕಾಗದಪತ್ರ ಕೊಟ್ಟಾಗಿದೆ, ಮೌಲಾಲಿ ಓಡಾಡುತ್ತಿದ್ದಾನೆ ಎಂದೆ. ತಲೆ ಆಡಿಸಿದರು. ಚಾಪೆಯ ಎಳೆ ಒಂದನ್ನು ಬೆರಳಿನಿಂದ ಸರಿಮಾಡುತ್ತ ಕುಳಿತರು. ಅವರು ಕೇಳಬೇಕೆಂದು ಬಂದದ್ದು ಬೇರೆಯೇ ಇತ್ತು.

“ಮತ್ತ ಸರಕಾರದವರು? ನನ್ನ ಸಲುವಾಗಿ ನಿಮಗ ಬಿಟ್ಟಾರೇನ್ರಿ?”

“ಬಿಟ್ಟಾರ್ರಿ.”

“ನಾ ಒಂದ ಕಣ್ಣು ಸಾಕು ಅಂದಿದ್ನಿ. ಈ ವಯಸ್ಸಿನ್ಯಾಗ ಎರಡು ತಗೊಂಡು ಏನ ಮಾಡೂದೈತಿ ಅಂತ. ಆದ್ರ ನಿಮಗ ಇನ್ನೊಂದೀಟು ಉಳಿಯೂದಿದ್ರ, ಆ ಕಣ್ಣೂ ಮಾಡ್ಸಿಬಿಡ್ರಿ.”

ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಸ್ವಲ್ಪ ಹೊತ್ತು ಅದರಲ್ಲಿ ಒಂದಕ್ಷರವೂ ಕಾಣಲಿಲ್ಲ. ಒಳಗೆ ಚಪಾತಿ ಲಟ್ಟಿಸುತ್ತಿದ್ದ ಭುವನಾ ಯಾಕೋ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದಳು. ಹಂಚಿನ ಮೇಲೆ ಚಪಾತಿ ಸೀಯುವ ವಾಸನೆ ಬರುತ್ತಿತ್ತು.

“ಉಳಿತೈತ್ರಿ, ಅವ್ವಾ,” ಎಂದೆ. “ಭಾಳ ಉಳಿತೈತಿ.”

ನಾಳೆ ಕಾರ್ಖಾನೆಗೆ ಹೋಗುವ ಮೊದಲು ಡಾಕ್ಟರರನ್ನು ಕಂಡು ಎಡಗಣ್ಣಿಗೆ ದಿನ ಗೊತ್ತುಮಾಡಿಕೊಂಡು ಬರಬೇಕು.